ಇಪ್ಪತ್ತೊಂದು ಸೆಕೆಂಡು ಬಿಟ್ಟು ಉಳಿದದ್ದೆಲ್ಲ ಸುಳ್ಳು

ಇಂದು ಬುಧವಾರ, ಇಪ್ಪತ್ತನಾಲ್ಕನೇ ತಾರೀಖು. ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದೆ. ಬರುವ ಮುಂಚೆ ಅಂಗಡಿಯಲ್ಲಿ ಎರಡು ಜೊತೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸಿ ಬಂದಿದ್ದೇನೆ. ನನ್ನ ಹೆಸರು ಈ ಹಾಳೆಗೆ ಲಗತ್ತಿಸಿರುವ ಗುರುತಿನ ಚೀಟಿಯಲ್ಲಿ ಇದ್ದಂತೆ. ಆ ಚೀಟಿ ನನ್ನದೇ. ವಯಸ್ಸು ನಲವತ್ತೆರಡು. ಕಸುಬು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು, ಹತ್ತೊಂಬತ್ತು ವರ್ಷದಿಂದ. ವಾಸ ಹಳೆಯ ಅಂಚೆ ಕಚೇರಿಯ ಹಿಂದಿನ ಕಟ್ಟಡ, ಎರಡನೇ ಮಹಡಿ, ಎಡಗಡೆ ಬಾಗಿಲು. ಮದುವೆಯಾಗಿಲ್ಲ. ಮನೆಯಲ್ಲಿ ಈಗ ನಾನೊಬ್ಬಳೇ. ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ನಾನು ತಿಳಿಸುವುದೇನೆಂದರೆ:

ಈ ತಿಂಗಳ ಮೂರನೇ ತಾರೀಖು ನಮ್ಮ ಅಂಗಡಿಯ ಯಜಮಾನರು ನನ್ನನ್ನು ಕರೆದು, ತಮ್ಮ ಕೈಲಿ ಇನ್ನು ಆಗುವುದಿಲ್ಲವೆಂದೂ, ಅಂಗಡಿಯನ್ನು ನಾನೇ ವಹಿಸಿಕೊಳ್ಳಬೇಕೆಂದೂ ಹೇಳಿದರು. "ಊರಿಗೆಲ್ಲ ಕನ್ನಡಕ ಹಾಕಿ ಹಾಕಿ ನಂಗೇ ಕಣ್ಣು ಕಾಣದ ಹಾಗಾಯ್ತು ನೋಡಮ್ಮ" ಎಂದು ನಕ್ಕರು. ತಿಂಗಳ ಕೊನೆಯವರೆಗೆ ಬೇರೆ ಯಾರಿಗೂ ಮಾತು ಕೊಡುವುದಿಲ್ಲ ಎಂದರು. ಅದಕ್ಕೆ ನನಗೆ ಬ್ಯಾಂಕಿನ ಸಾಲ ಬೇಕಾಗಿತ್ತು.

ಹತ್ತನೇ ತಾರೀಖು ಬುಧವಾರ ಮಧ್ಯಾಹ್ನ ಬ್ಯಾಂಕಿಗೆ ಹೋದೆ. ಅವರು ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ, ನನ್ನ ಹೆಸರಿನಲ್ಲಿ ಒಂದು ಫೈನಾನ್ಸ್ ಕಂಪನಿಯ ಸಾಲವಿದೆಯೆಂದೂ, ನಾಲ್ಕು ತಿಂಗಳಿಂದ ಕಂತು ಬಂದಿಲ್ಲವೆಂದೂ, ದಾಖಲೆ ಹೀಗಿರುವ ತನಕ ಏನೂ ಮಾಡಲಾಗದೆಂದೂ ತಿಳಿಸಿದರು. ನಾನು ಈವರೆಗೆ ಎಲ್ಲಿಯೂ ಸಾಲ ಮಾಡಿಲ್ಲ. ರಿಪೋರ್ಟಿನಲ್ಲಿ ನನ್ನ ಉದ್ಯೋಗ ಬ್ಯೂಟಿ ಪಾರ್ಲರ್ ಮಾಲೀಕರು ಎಂದಿತ್ತು. ಫೋನ್ ನಂಬರು ನನ್ನ ತಾಯಿಯದು. ಆ ಫೋನನ್ನು ಅವರಿಗೆ ಕೊಡಿಸಿದವಳು ನಾನು.

ನನಗೆ ಒಬ್ಬಳೇ ಅಕ್ಕ. ವಯಸ್ಸು ನಲವತ್ತಾರು. ಬಸ್ ನಿಲ್ದಾಣದ ರಸ್ತೆಯಲ್ಲಿ ಹದಿಮೂರು ತಿಂಗಳ ಹಿಂದೆ ಪಾರ್ಲರ್ ತೆರೆದಳು. ದುಡ್ಡು ಎಲ್ಲಿಂದ ಬಂತೆಂದು ನಾನು ಕೇಳಿರಲಿಲ್ಲ.

ಅದೇ ಸಂಜೆ ಆರೂ ಇಪ್ಪತ್ತಕ್ಕೆ ಅಲ್ಲಿಗೆ ಹೋದೆ. ನಮ್ಮ ಅಂಗಡಿಯಿಂದ ಆರುನೂರ ನಲವತ್ತು ಹೆಜ್ಜೆ. ಹೋದದ್ದು ಅದೇ ಮೊದಲು. ಎರಡು ಕುರ್ಚಿ, ಸುತ್ತ ಹನ್ನೆರಡು ಬಲ್ಬಿರುವ ಕನ್ನಡಿ. ಗೋಡೆಯ ಮೇಲೆ ಅಮ್ಮನ ಫೋಟೊ. ಪಾರ್ಲರ್ ತೆರೆದ ದಿನ ತೆಗೆದದ್ದು. ಅಮ್ಮ ಕುರ್ಚಿಯಲ್ಲಿ ಕುಳಿತಿದ್ದಾರೆ, ತಲೆ ಬಾಚಿ ಕ್ಲಿಪ್ಪು ಹಾಕಿದೆ. ನಮ್ಮ ಮನೆಯಿಂದ ರಸ್ತೆಗೆ ಮೂವತ್ತೆಂಟು ಮೆಟ್ಟಿಲು. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಕರೆದಾಗಲೆಲ್ಲ ಮೆಟ್ಟಿಲು ಇಳಿಯಲಾಗದು ಎನ್ನುತ್ತಿದ್ದವರು ಅಮ್ಮ. ಡಾಕ್ಟರನ್ನು ನಾನು ಮನೆಗೇ ಕರೆಸುತ್ತಿದ್ದೆ.

ಗಿರಾಕಿ ಹೋಗುವವರೆಗೂ ಕಾದು, ರಿಪೋರ್ಟ್ ತೋರಿಸಿದೆ. ಅಕ್ಕ ಅಲ್ಲಗಳೆಯಲಿಲ್ಲ.

"ನಂಗೆ ಯಾವನೂ ಸಾಲ ಕೊಡ್ತಿರ್ಲಿಲ್ಲ ಕಣೆ. ಅಮ್ಮನೇ ಹೇಳಿದ್ಲು, ಮೂಗಿ ಹೆಸರಲ್ಲಿ ತಗೋ, ಅವಳೇನೂ ಅನ್ನಲ್ಲ ಅಂತ" ಎಂದಳು.

ಮನೆಯಲ್ಲಿ ಅಕ್ಕನನ್ನು ಚಿನ್ನಿ ಎಂದೂ ನನ್ನನ್ನು ಮೂಗಿ ಎಂದೂ ಕರೆಯುತ್ತಿದ್ದರು. ನನಗೆ ಮಾತು ಬರುತ್ತದೆ, ಆಡುವುದು ಕಡಿಮೆ. ಸತ್ತವರ ಮೇಲೆ ಹಾಕಬೇಡ ಎಂದು ಹೇಳಿ ಎದ್ದು ಬಂದೆ. ಅವಳ ಮಾತನ್ನು ನಂಬಲಿಲ್ಲ.

ಹದಿನಾರನೇ ತಾರೀಖು ಮಂಗಳವಾರ ಫೈನಾನ್ಸ್ ಕಂಪನಿಗೆ ಹೋಗಿ, ಸಾಲ ನನ್ನದಲ್ಲ ಎಂದೆ. ತಕರಾರು ನೋಡುವ ಗುಮಾಸ್ತರು, ಸಾಲ ಕೊಡುವ ಮುಂಚೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಕರೆಯ ರೆಕಾರ್ಡಿಂಗ್ ಇದೆಯೆಂದರು. ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್ ಕೊಟ್ಟರು. ಕರೆ ಬಂದದ್ದು ಅಮ್ಮನ ಫೋನಿಗೆ, ಹೋದ ವರ್ಷದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಎರಡು ನಿಮಿಷಕ್ಕೆ. ಒಟ್ಟು ಆರು ನಿಮಿಷ ಎಂಟು ಸೆಕೆಂಡು. ಆ ಹೊತ್ತಿಗೆ ನಾನು ಅಂಗಡಿಯಲ್ಲಿದ್ದೆ. ಅಕ್ಕ ಪ್ರತಿ ಗುರುವಾರ ಅಮ್ಮನನ್ನು ನೋಡಲು ಬರುತ್ತಿದ್ದಳು. ಮನೆ ನಮ್ಮದೇ ಎಂದು ಗುರುತಿಸಿದ್ದು ಗಡಿಯಾರದಿಂದ. ಅದು ಐದು ನಿಮಿಷ ಹಿಂದೆ. ಕರೆಯ ಮೂರನೇ ನಿಮಿಷದಲ್ಲಿ ಹನ್ನೊಂದು ಹೊಡೆಯುತ್ತದೆ.

ಮೊದಲ ಧ್ವನಿ ಅಕ್ಕನದು. ನನ್ನ ಹೆಸರು ಹೇಳಿ, ಹೌದು ನಾನೇ ಎಂದಿದ್ದಾಳೆ. ಹುಟ್ಟಿದ ತಾರೀಖು ಅವಳಿಗೆ ಗೊತ್ತಿತ್ತು. ಈ ಊರಿನಲ್ಲಿ ಕೆಲಸ ಶುರು ಮಾಡಿ ಎಷ್ಟು ವರ್ಷವಾಯಿತೆಂದು ಕೇಳಿದಾಗ ಗೊತ್ತಿರಲಿಲ್ಲ. ಪಕ್ಕದಿಂದ ಎರಡನೇ ಧ್ವನಿ ಮೆಲ್ಲಗೆ ಹೇಳಿಕೊಟ್ಟಿದೆ. ಎರಡನೇ ಧ್ವನಿ ನನ್ನ ತಾಯಿಯದು. ಅವರು ತೀರಿಕೊಂಡು ಇಂದಿಗೆ ನೂರ ನಲವತ್ತೊಂದು ದಿನ. ಹಳೆಯ ಬಾಡಿಗೆ ಮನೆಯ ನಂಬರು, ನಾನು ಓದಿದ ಶಾಲೆ, ಎಲ್ಲವನ್ನೂ ಹೇಳಿಕೊಟ್ಟಿದ್ದಾರೆ. ಒಂದೂ ತಪ್ಪಿಲ್ಲ. ನಾನು ಕೆಲಸಕ್ಕೆ ಸೇರಿದ್ದು ಸೋಮವಾರ ಎಂದೂ ಹೇಳಿದ್ದಾರೆ. ಅದನ್ನು ಯಾರೂ ಕೇಳಿರಲಿಲ್ಲ.

ಗಡಿಯಾರ ಹೊಡೆದಾದ ಮೇಲೆ ಅಕ್ಕ ಏನೋ ಪಿಸುಗುಟ್ಟುತ್ತಾಳೆ. ಅಮ್ಮ ನಗುತ್ತಾರೆ. ಒಂಬತ್ತು ಸೆಕೆಂಡು ನಗುತ್ತಾರೆ. ಗುಮಾಸ್ತರನ್ನು ಕೇಳಿ ಮೂರು ಸಲ ಹಾಕಿಸಿ ಅಳೆದೆ. ನಾನು ದಿನಚರಿ ಬರೆಯುತ್ತೇನೆ. ಆ ಗುರುವಾರದ ಹಾಳೆಯ ಪ್ರತಿಯನ್ನು ಕೊಟ್ಟಿದ್ದೇನೆ. ಅದರಲ್ಲಿರುವುದು ಇಷ್ಟೇ: ಮಾತ್ರೆ ಮೂರು ಹೊತ್ತೂ ಆಯಿತು. ಅರ್ಧ ಲೋಟ ಹಾಲು. ಅಮ್ಮ ಇಡೀ ದಿನ ಮಾತಾಡಲಿಲ್ಲ, ಸುಸ್ತು.

ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಕಂಪನಿಯವರು, ಮನೆಯ ಹಿರಿಯರಿದ್ದರೆ ಫೋನ್ ಕೊಡಿ ಎನ್ನುತ್ತಾರೆ. ಅಮ್ಮ ಫೋನ್ ತೆಗೆದುಕೊಂಡು ಹೇಳಿದ್ದು ಹೀಗಿದೆ:

"ಹೂಂ ಕಣಮ್ಮ, ನನ್ನ ಮಗಳೇ. ಚಿಕ್ಕವಳು. ನನ್ನ ನೋಡ್ಕೊಳ್ಳೋದೆಲ್ಲ ಇವಳೇ. ಮಾತು ಕಡಿಮೆ, ಆದ್ರೆ ಕೈ ಹಾಕಿದ ಕೆಲಸ ಕೆಡಿಸಿದವಳಲ್ಲ. ಇವಳಿಲ್ದಿದ್ರೆ ನಾನು ಯಾವತ್ತೋ ಹೋಗಿರ್ತಿದ್ದೆ."

ಇದು ಇಪ್ಪತ್ತೊಂದು ಸೆಕೆಂಡು. ಇದು ನನ್ನ ವಿಷಯ. ಅಮ್ಮ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳುವಾಗ ಎದುರಿಗೆ ಕುಳಿತಿದ್ದವಳು ಅಕ್ಕ. ಮುಗಿದ ಕೂಡಲೇ ಅವಳು, "ಅಯ್ಯೋ ಸಾಕಮ್ಮ ಹೊಗಳಿದ್ದು" ಎನ್ನುತ್ತಾಳೆ. ಅದೂ ರೆಕಾರ್ಡ್ ಆಗಿದೆ.

ಗುಮಾಸ್ತರು ನೀರು ತಂದುಕೊಟ್ಟರು. ನಂತರ ಒಂದು ಫಾರಂ ಕೊಟ್ಟು, ಮನೆಯಲ್ಲಿ ಓದಿ ಸಹಿ ಮಾಡಿ ತನ್ನಿ ಎಂದರು.

ಇಪ್ಪತ್ತೊಂದನೇ ತಾರೀಖು ಭಾನುವಾರ ಸಂಜೆ ನಾಲ್ಕಕ್ಕೆ ಅಕ್ಕ ಮನೆಗೆ ಬಂದಳು. ಅಮ್ಮನ ಮಂಚದ ಮೇಲೆ ಕುಳಿತಳು. ಸಾಲ ನನ್ನದೆಂದು ನಾನೇ ಒಪ್ಪಿಕೊಂಡುಬಿಡಬೇಕು, ಬಾಕಿಯನ್ನು ತಾನು ತೀರಿಸುತ್ತೇನೆ ಎಂದಳು. ತೀರಿಸಿದರೂ ಕಪ್ಪು ಗುರುತು ಕೆಲವು ವರ್ಷ ಉಳಿಯುತ್ತದೆಂದು ಬ್ಯಾಂಕಿನವರು ಹೇಳಿದ್ದನ್ನು ತಿಳಿಸಿದೆ. ಅಷ್ಟರಲ್ಲಿ ಅಂಗಡಿ ಬೇರೆಯವರ ಪಾಲಾಗುತ್ತದೆ ಎಂದೆ.

"ಅಮ್ಮ ಇರೋ ತನಕ ಒಂದು ಕಂತೂ ತಪ್ಪಿಲ್ಲ ಕಣೆ. ತಿಂಗಳು ತಿಂಗಳೂ ಫೋನ್ ಮಾಡಿ, ಚಿನ್ನಿ, ಮೂಗಿ ಹೆಸರು ಕೆಡಿಸ್ಬೇಡ ಅಂತ ಪ್ರಾಣ ತಿಂತಿದ್ಲು" ಎಂದಳು.

ಅಮ್ಮ ತಿಂಗಳು ತಿಂಗಳೂ ಅವಳಿಗೆ ಫೋನ್ ಮಾಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ನೋಡಿಕೊಂಡವಳು ನಾನು, ಆ ನಗು ನಿನಗೆ ಹೇಗೆ ಸಿಕ್ಕಿತು ಎಂದು ಕೇಳಿದೆ.

"ನೋಡ್ಕೊಂಡೆ, ನೋಡ್ಕೊಂಡೆ! ಪಕ್ಕದಲ್ಲಿ ಕೂತು ಹರಟೆ ಹೊಡ್ದಿದ್ದೀಯಾ ಒಂದಿನ? ಮಾತ್ರೆ ಕೊಡ್ತಿದ್ದೆ, ಪುಸ್ತಕದಲ್ಲಿ ಬರ್ಕೊಳ್ತಿದ್ದೆ. ನರ್ಸೂ ಅದನ್ನೇ ಮಾಡ್ತಾಳೆ" ಎಂದಳು.

ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾಲ್ಕೂ ಐವತ್ತಕ್ಕೆ ಹೋದಳು.

ಇಪ್ಪತ್ತೆರಡನೇ ತಾರೀಖು ಸೋಮವಾರ ಫಾರಂ ಕೊಟ್ಟೆ. ಅದರಲ್ಲಿ, ಈ ಕರೆಯಲ್ಲಿ ನನ್ನ ಕುರಿತು ಹೇಳಿರುವ ಎಲ್ಲ ಮಾತೂ ಸುಳ್ಳು ಎಂದು ಅಚ್ಚಾಗಿದೆ. ಅದರ ಮುಂದೆ ನಾನು ಪೆನ್ನಿನಲ್ಲಿ, ನಾಲ್ಕು ನಿಮಿಷ ಹತ್ತು ಸೆಕೆಂಡಿನಿಂದ ಇಪ್ಪತ್ತೊಂದು ಸೆಕೆಂಡು ಬಿಟ್ಟು, ಎಂದು ಸೇರಿಸಿ ಸಹಿ ಮಾಡಿದ್ದೆ. ಗುಮಾಸ್ತರು ಫಾರಂ ವಾಪಸ್ ಕೊಟ್ಟರು. "ಹೀಗೆಲ್ಲ ಬರೆದ್ರೆ ನಡೆಯಲ್ಲ ಮೇಡಂ. ಸುಮ್ನೆ ಸಹಿ ಹಾಕಿದ್ರೆ ಇವತ್ತೇ ಕಳಿಸ್ತಿದ್ದೆ. ನಿಮಗೆ ಬೇಕಾದ ಹಾಗೆ ಬರೆಸ್ಬೇಕು ಅಂದ್ರೆ ಪೊಲೀಸ್ ಹೇಳಿಕೆ ತನ್ನಿ, ಯಾರು ಮಾಡಿದ್ದು ಅಂತ ಅದ್ರಲ್ಲಿ ಇರ್ಬೇಕು" ಎಂದರು. ಆದ್ದರಿಂದ ಬಂದಿದ್ದೇನೆ.

ಅಕ್ಕನ ಜೊತೆ ಮೊದಲಿನಿಂದ ದ್ವೇಷವಿತ್ತೇ ಎಂದು ಕೇಳಿದ್ದಕ್ಕೆ: ದ್ವೇಷವಿಲ್ಲ. ಹೊಟ್ಟೆಕಿಚ್ಚು ಇದೆ. ಹಾಗೆಯೇ ಬರೆದುಕೊಳ್ಳಿ ಎಂದೆ.

ಆ ಇಪ್ಪತ್ತೊಂದು ಸೆಕೆಂಡಿನಿಂದ ಕೇಸಿಗೆ ಏನು ಉಪಯೋಗ ಎಂದು ಕೇಳಿದ್ದಕ್ಕೆ: ಕೇಸಿಗೆ ಏನೂ ಇಲ್ಲ.

ನನ್ನ ಗುರುತಿನ ಚೀಟಿ ಬಳಸಿ, ನನಗೆ ತಿಳಿಸದೆ, ನನ್ನ ಹೆಸರಿನಲ್ಲಿ ಸಾಲ ಪಡೆದವಳು ನನ್ನ ಅಕ್ಕ. ಹೇಳಿಕೊಟ್ಟವರು ನನ್ನ ತಾಯಿ. ನನ್ನ ದಾಖಲೆಯಿಂದ ಈ ಸಾಲವನ್ನು ತೆಗೆಸಿಕೊಡಬೇಕು. ಕರೆಯಲ್ಲಿ ನನ್ನ ಹೆಸರಿನಲ್ಲಿ ಆಡಿದ ಮಾತೆಲ್ಲ ಸುಳ್ಳು. ಅಮ್ಮ ಫೋನ್ ತೆಗೆದುಕೊಂಡು ಹೇಳಿದ ಮಾತು ಮಾತ್ರ ನಿಜ, ಅದು ನನ್ನದು.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. 'ಹೊಟ್ಟೆಕಿಚ್ಚು' ಎಂಬಲ್ಲಿ 'ಮನಸ್ತಾಪ' ಎಂದು ಬರೆದಿದ್ದರು, ಹೇಳಿ ತಿದ್ದಿಸಿದೆ. ಈಗ ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಇಪ್ಪತ್ತನಾಲ್ಕು, ಬುಧವಾರ, ಮಧ್ಯಾಹ್ನ ಹನ್ನೆರಡೂ ಐವತ್ತು
ಸಹಿ: ನನ್ನದೇ

ಸಹಿಯಾದ ಮೇಲೆ, ಅಕ್ಕ ಎಲ್ಲಿ ಸಿಗುತ್ತಾಳೆ ಎಂದು ಕೇಳಿದ್ದಕ್ಕೆ ಹೇಳಿದ್ದು: ನಾಳೆ ಗುರುವಾರ. ಪಾರ್ಲರಿಗೆ ರಜೆ. ಅಕ್ಕ ಬೆಳಿಗ್ಗೆ ಹತ್ತರಿಂದ ತನ್ನ ಮನೆಯಲ್ಲೇ ಇರುತ್ತಾಳೆ.