ಟಗರಿಗೆ ಕೊಟ್ಟ ಮಾತ್ರೆ

ನಗ್ತೀಯಾ? ನಗು ನಗು! ಗಂಡ ಅನ್ನೋನು ತನ್ನ ಮಾತ್ರೆನೆಲ್ಲಾ ತಗೊಂಡೋಗಿ ಟಗರಿಗೆ ತಿನ್ನುಸ್ದ ಅಂತ ಸಾತನೂರು ಸಂತೇಲಿ ಸಾರ್ಕೊಂಡ್ ಬಾ ಹೋಗು ದಾಸಮ್ಮ! ಕುರಿ ರೊಪ್ಪದಲ್ಲಿ ಒಂದ್ ಖಾಲಿ ಮಾತ್ರೆ ಶೀಟು ಸಿಕ್ಬುಟ್ರೆ ಸಾಕು ನಿಂಗೆ...

ಏನ್ ಮಾಡ್ಲಿ ಮತ್ತೆ? ನಮ್ ಪುಟ್ಟಿ ಮದ್ವೆ ಬೀಗರೂಟಕ್ಕೆ ಅಂತ ಮರಿಯಿಂದ ಸಾಕಿರೋ ಟಗರು. ಭೇದಿ ಕಿತ್ಕೊಂಡು ಮಲಗ್ಬುಟ್ಟಿತ್ತು. ನಂಗೆ ಕೊಟ್ಟಿದ್ದೂ ಭೇದಿಗೇ, ಅದ್ಕೂ ಭೇದಿ. ಮಾತ್ರೆ ಒಂದೇ ಅಲ್ವಾ ಅಂದ್ಕೊಂಡೆ... ಏ, ಬಕೀಟು ಕೆಳಗಿಟ್ಬುಟ್ಟು ನಗೇ ತಾಯಿ, ನೀರೆಲ್ಲಾ ಚೆಲ್ತಾ ಐತೆ!

ನಂಗೇನಾಗೈತೆ ಈಗ? ಕಲ್ಲಂಗಿದ್ದೀನಿ! ಕನಕಪುರದ ಡಾಕ್ಟ್ರಮ್ಮ ಹೇಳಿದ್ದು ಜ್ಞಾಪಕ ಐತಲ್ಲಾ? ರೋಗದ ಮೇಲೆ ಬಿದ್ದು ಹೊಡೆದಾಡೋ ಕಣ ನಮ್ಮೊಳಗೇ ಇರ್ತವಂತೆ. ಹೊಡೆದಾಟ ಮುಗುದ್ಮೇಲೆ ತಾವಾಗೇ ಸಾಯ್ಬೇಕಂತೆ. ನನ್ನ ಕರುಳಲ್ಲಿರೋವು ಸಾಯದೇ ಇಲ್ವಂತೆ! ಹೊಡೆಯೋಕೆ ಯಾರೂ ಇಲ್ದೆ ಕರುಳ್ನೇ ಕಡೀತಾ ಕೂತವಂತೆ. ಥೇಟ್ ನಿಮ್ಮಣ್ಣ ಕೆಂಚಯ್ಯ! ಉಂಡಾಯ್ತು, ಎಲೆ ಎತ್ತಾಯ್ತು, ನೆಂಟ್ರೆಲ್ಲಾ ಬಸ್ ಹತ್ತಾಯ್ತು... ಇವನೊಬ್ಬ ಜಗುಲಿ ಮೇಲೆ ಕೂತು, ಯಾರ್ ಕೂಡೆ ಜಗಳ ತೆಗೀಲಿ ಅಂತ ನೋಡ್ತಿರ್ತಾನೆ. ಆ ಮಾತ್ರೆ ಇರೋದು ಅಂಥಾ ಕಣಗಳ್ನ ಎಬ್ಬಿಸಿ ಕಳ್ಸೋಕೆ. ಹೊಟ್ಟೆ ಸುಮ್ನಾದ್ಮೇಲೆ ಇನ್ಯಾಕೆ ಮಾತ್ರೆ?

...ಗೊತ್ತು ಕಣೆ. ಹುಷಾರಾದ್ರೂ ಬುಡಬ್ಯಾಡ ಅಂದಿದ್ರು. ಬುಟ್ರೆ ತಿರುಗಿ ಬತ್ತದೆ ಅಂದಿದ್ರು. ಆದ್ರೂ...

ಯಾಕೆ, ನಗೋದ್ ನಿಲ್ಲಿಸ್ಬುಟ್ಟೆ? ನಿಮ್ಮಣ್ಣನ್ನ ಅಂದಿದ್ದಕ್ಕಾ? ಎತ್ಲಾಗ್ ನೋಡ್ತಿದ್ದೀಯ?

ಓ... ಪಂಚೆನಾ. ರೊಪ್ಪದ ಹಿಂದೆ ಒಣಗಾಕಿರೋದು. ನಾನೇ ಒಗ್ದೆ. ಯಾಕೆ, ಗಂಡಸ್ರು ಒಗೀಬಾರ್ದಾ? ಟಗರು ಗಲೀಜು ಮಾಡ್ತು... ನಿಂಗ್ಯಾಕೆ ಕಷ್ಟ ಅಂತ... ಹತ್ರ ಹೋಗ್ಬ್ಯಾಡ ಕಣೆ. ಲಗ್ನ ಆದಾಗಿಂದ ಒಂದ್ ಟವಲ್ಲೂ ಒಗ್ದೋನಲ್ಲ, ಒಪ್ಕತೀನಿ... ಏ, ಅದನ್ನ ತಿರುಗಿಸ್ಬ್ಯಾಡ! ಬುಡೇ, ಇನ್ನೂ ಹಸಿ ಐತೆ...

ಕಲೆ ಹೋಗಿಲ್ಲ, ಅಲ್ವಾ? ಸೋಪು ಹಾಕಿ ಚೆನ್ನಾಗೇ ಉಜ್ಜಿದ್ದೆ...

ಬೀಗರೂಟ ಒಂದು ಮುಗುದೋಗ್ಲಿ ಅಂತ ಸುಮ್ನಿದ್ದೆ ದಾಸಮ್ಮ. ಗಂಡಿನ ಕಡೇವ್ರು ಬಂದಾಗ ಹೆಣ್ಣಿನಪ್ಪ ಆಸ್ಪತ್ರೇಲಿ ರಕ್ತ ಹೋಗ್ತಾ ಮಲಗವ್ನೆ ಅಂದ್ರೆ ಚೆಂದಾಗಿರ್ತದಾ? ಆ ಟಗರಾದ್ರೂ ನೆಟ್ಟಗೆ ನುಂಗ್ತಾ? ಅರ್ಧಕ್ಕರ್ಧ ಉಗೀತು. ಉಗುದ್ಬುಟ್ಟು ತಾನಾಗೇ ಎದ್ದು ಮೇಯ್ತಾ ಐತೆ ನೋಡು, ಕಳ್ಳನ್ಮಗಂದು...

ಎಲ್ಲಿಗೆ? ಚೀಲ ಯಾಕೆ ತಗತೀಯ? ಕನಕಪುರದ ಬಸ್ಸಿಗಾ... ಬತ್ತೀನಿ, ಬತ್ತೀನಿ ಇರು. ಚಪ್ಲಿ ಹಾಕತೀನಿ.

ದಾಸಮ್ಮ... ಒಸಿ ಬೈಯ್ಯೇ. ಕತ್ತೆ ಅನ್ನು, ಆ ಟಗರಿಗಿರೋ ಬುದ್ಧಿನೂ ಇಲ್ಲ ಅನ್ನು. ನೀನು ಹಿಂಗೆ ಬಾಯಿ ಮುಚ್ಕೊಂಡ್ ನಡುದ್ರೆ ನಂಗೆ ಭಯ ಆಯ್ತದೆ.