ಅಜ್ಜಿಯ ಎಡಗೈ

ಚಾಮರಾಜನಗರದ ಆರೈಕೆ ಮನೆಗೆ ಬೆಳಗ್ಗೆಯಷ್ಟೇ ಅವ್ವನನ್ನು ಸೇರಿಸಿದ್ದ ಕಾವ್ಯಶ್ರೀ ಸಂಜೆ ಅಳುಕುತ್ತಲೇ ಗುಂಡ್ಲುಪೇಟೆ ಬಸ್ ಹತ್ತಿದಳು. ಮುಂದಿನ ಸೀಟಿನಲ್ಲಿ ಅಲ್ಲಿನ ನರ್ಸುಗಳಿಬ್ಬರು ಕೂತಿದ್ದರು.

“ಬೀಪಿ, ಶುಗರ್ ಎಲ್ಲ ಸರಿಯಾಗೇ ಇತ್ತಲ್ಲಕ್ಕ. ಕರಿಬಸಮ್ಮಂಗೆ ಲಕ್ವ ಹೊಡ್ದದೆ ಅಂತ ನಿಂಗೆಂಗ್ ಗೊತ್ತಾಯ್ತು?”

“ಲಿಂಗಪೂಜೆ ಮಾಡುವಾಗ ಅಜ್ಜಿ ಎಡಗೈ ಕಲ್ಲಿನಂಗೆ ನಿಂತಿರ್ತಿತ್ತು ಕಣಮ್ಮಿ. ಇವತ್ತು ಇಳೀತು.”

“ಅಷ್ಟೇನಾ?”

“ಅಷ್ಟೇಯ. ತಕ್ಷಣ ಆಸ್ಪತ್ರೆಗೆ ಸಾಗಿಸ್ದೊ. ಈಗ ಬೆರಳು ಆಡಿಸ್ತಾವ್ರೆ.”

“ಅಬ್ಬಾ! ನಾನಾಗಿದ್ರೆ ನಾರ್ಮಲ್ ಅಂತ ಬರ್ದು ಟೀ ಕುಡಿಯಕ್ಕೋಗ್ಬುಡ್ತಿದ್ದೆ.”

“ಆ ಗಡಿಬಿಡೀಲಿ ಹೊಸ ಅಜ್ಜಿ ಮಗಳು ನಂಗೆ ಸಿಗ್ಲೇ ಇಲ್ಲ. ಅಜ್ಜಿ ಎದ್ದ ಕೂಡ್ಲೆ ಏನ್ ಮಾಡ್ತಾರೆ ಅಂತ ಕೇಳ್ಬೇಕಿತ್ತು.”

ತೆರಕಣಾಂಬಿಯಲ್ಲಿ ಇಬ್ಬರೂ ಇಳಿದರು. ಬಸ್ಸು ಹೊರಟಿತು. ಎಂದೂ ದನಿಯೆತ್ತದ ಕಾವ್ಯಶ್ರೀ ಕಿಟಕಿಯಿಂದ ಕೂಗಿದಳು: “ಸಿಸ್ಟರ್, ನಮ್ಮವ್ವ ಎದ್ದ ಕೂಡ್ಲೆ ತಾನೇ ತುರುಬು ಕಟ್ಕೊತಾಳೆ!”