ವಿಷಯ: ಮಂಕಿ ಕ್ಯಾಪ್ ಹಾಕಿದ್ದ ವ್ಯಕ್ತಿಯ ಕುರಿತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ಅಕ್ಕಿ ಗಿರಣಿಯ ಮಾಲೀಕರೂ ನಮ್ಮ ಬಡಾವಣೆಯ ಮನರಂಜನಾ ಕೇಂದ್ರದ ಅಧ್ಯಕ್ಷರೂ ಆದ ಲಿಂಗರಾಜ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ವಕೀಲ ಬಸವರಾಜ್ ಅವರೇ, ಯುವಕರ ಬಳಗದ ಹಂಪೇಶ್ ಅವರೇ, ಕೇರಂ ಕೋಣೆಯ ಹಿರಿಯರೇ, ಷಟಲ್ ಆಡುವ ತಾಯಂದಿರೇ, ಹಾಗೂ ಖುರ್ಚಿ ಖಾಲಿ ಇದ್ದರೂ ಬಾಗಿಲಿಗೆ ಒರಗಿಯೇ ನಿಂತಿರುವ ಸಭಿಕರೇ,

ದಯವಿಟ್ಟು ಕುಂದ್ರಿ. ಬಾಗಿಲಿಗೆ ಅಡ್ಡ ಜನ ನಿಂತರೆ ನನಗೆ ಈಚೆಗೆ ಉಸಿರು ಕಟ್ಟುತ್ತದೆ. ಮತ್ತೆ ಹಿಂದಿನ ಸಾಲಿನವರು ಫೋನು ಕೆಳಗಿಳಿಸಿ. ನಾನೇನು ಹಾಡುತ್ತಿಲ್ಲ, ಕುಣಿಯುತ್ತಿಲ್ಲ, ವಿಡಿಯೊ ಯಾಕೆ? ಇಳಿಸಿ ಅಂದೆನಲ್ಲ!

ಕ್ಷಮಿಸಿ. ಸನ್ಮಾನಕ್ಕೆ ಉತ್ತರ ಕೊಡಬೇಕಾದವನು ಗದರಿಸಬಾರದು.

ನನಗೆ ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ಬಿನ್ನವತ್ತಳೆ ಓದಿದಿರಿ. ಅದರಲ್ಲಿ 'ಧೈರ್ಯ' ಎಂಬ ಪದ ಮೂರು ಸಲ ಬಂತು. 'ಮತಾಂತರದ ಹುನ್ನಾರವನ್ನು ಬಯಲಿಗೆಳೆದು ಕೇಂದ್ರದ ಘನತೆ ಉಳಿಸಿದ ಕಾರ್ಯದರ್ಶಿ ತೋಟಪ್ಪನವರು' ಎಂದು ಬರೆದಿದ್ದೀರಿ. ಯಾರು ಬರೆದರೋ, ಅಕ್ಷರ ಚೆನ್ನಾಗಿದೆ. ಮೂವತ್ತೊಂದು ವರ್ಷ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಅಕ್ಷರದ ಬೆಲೆ ನನಗೆ ಗೊತ್ತು. ಹೊಸಪೇಟೆಯಲ್ಲಿ, ಕಂಪ್ಲಿಯಲ್ಲಿ, ಸಂಡೂರಿನಲ್ಲಿ ನಾನು ಬರೆದುಕೊಟ್ಟ ಅರ್ಜಿಗಳು ಎಷ್ಟು ಕಡತಗಳಲ್ಲಿ ಕೂತಿವೆಯೋ! ಕಾಲುವೆ ನೀರು ಬರಲಿಲ್ಲವೆಂದು ಮೆಟ್ರಿಯ ರೈತರು ಬರುತ್ತಿದ್ದರು, ಪಿಂಚಣಿ ನಿಂತಿತೆಂದು ಮಲಪನಗುಡಿಯ ಮುದುಕಿಯರು ಬರುತ್ತಿದ್ದರು. ನಿವೃತ್ತಿಯಾದ ಮೇಲೂ ಬರುತ್ತಾರೆ. ನಾನು ಇಲ್ಲ ಎಂದವನಲ್ಲ.

ಆದರೆ ಅರ್ಜಿ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಸಭಿಕರೇ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಕಾಗದ ಬಡವಾಗಿ ಕಾಣುತ್ತದೆ. ನೀರು ಎರಡು ದಿನ ಬರದಿದ್ದರೆ 'ಹಲವಾರು ದಿನಗಳಿಂದ' ಎಂದು ಬರೆಯುತ್ತೇವೆ. ಒಬ್ಬ ಬೈದರೆ 'ಅವಾಚ್ಯ ಶಬ್ದಗಳಿಂದ ನಿಂದಿಸಿ, ಜೀವ ಬೆದರಿಕೆ ಹಾಕಿ' ಎಂದು ಬರೆಯುತ್ತೇವೆ. ಕೈ ತಾನಾಗಿಯೇ ಬರೆದುಬಿಡುತ್ತದೆ. ಸಾಹೇಬರು ಓದಬೇಕಲ್ಲ, ಅದಕ್ಕೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದು ನಾನು ನಂಬಿದ್ದೆ.

ಈಗ ಓಬಳಪ್ಪನ ವಿಷಯ. ಹೆಸರು ಎತ್ತಬಾರದು ಎಂದು ಅಧ್ಯಕ್ಷರು ಮೆಟ್ಟಿಲು ಹತ್ತುವಾಗಲೇ ಕಿವಿಯಲ್ಲಿ ಹೇಳಿದರು. ಎತ್ತದೆ ಹೇಗೆ ಮಾತಾಡಲಿ? ನನಗೆ ಸನ್ಮಾನ ಆಗಿರುವುದೇ ಅವನಿಂದ.

ಹೊಸದಾಗಿ ಬಂದವರಿಗೆ ಹೇಳುತ್ತೇನೆ. ಓಬಳಪ್ಪ ಪಾಪಿನಾಯಕನಹಳ್ಳಿಯವನು. ಸಂಡೂರಿನ ಗಣಿಗಳಿಂದ ಅದಿರು ಲಾರಿ ಓಡಿಸುತ್ತಿದ್ದ. ಗಣಿ ನಿಂತಾಗ ಕೆಲಸ ಹೋಯಿತು, ಕುಡಿತ ಹಿಡಿಯಿತು. ಕಂಪ್ಲಿಯ ಕಡೆ ಯಾರೋ ಪ್ರಾರ್ಥನೆಯ ಮನೆಗೆ ಕರೆದುಕೊಂಡು ಹೋದರಂತೆ, ಕುಡಿತ ಬಿಟ್ಟ, ಯೇಸುವನ್ನು ಹಿಡಿದ. ಆರು ವರ್ಷದಿಂದ ಈ ಕೇಂದ್ರದ ಬೀಗದಕೈ ಅವನ ಹತ್ತಿರ ಇತ್ತು. ಬೆಳಿಗ್ಗೆ ಐದಕ್ಕೆ ತೆಗೆಯುವುದು, ಕಸ ಗುಡಿಸುವುದು, ಕೇರಂ ಹಲಗೆಗೆ ಪುಡಿ ಹಾಕುವುದು, ಚಹಾ ಕಾಯಿಸುವುದು. ಬಾಗಿಲು ತೆಗೆದವರು ಕರಿಹಲಗೆಯ ಮೇಲೆ ದಿನಕ್ಕೊಂದು ಒಳ್ಳೆಯ ಮಾತು ಬರೆಯಬೇಕು ಎಂಬ ಪದ್ಧತಿ ನಮ್ಮದು. ಅವನೇ ಬರೆಯುತ್ತಿದ್ದ. ಹೋದ ವರ್ಷ ಇದೇ ವೇದಿಕೆಯಲ್ಲಿ ನಾನು ಅವನ ಒಂದು ಸಾಲನ್ನು ಎತ್ತಿಕೊಂಡು, ನಮ್ಮ ಶರಣರು ಎಂಥ ಮಾತು ಹೇಳಿದ್ದಾರೆ ನೋಡಿ ಎಂದು ಕಾಲು ಗಂಟೆ ವ್ಯಾಖ್ಯಾನ ಮಾಡಿದೆ. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಲಿಂಗರಾಜ್ ಅವರೇ, ನೀವೂ ಹೊಡೆದಿರಿ. ಆಮೇಲೆ ಓಬಳಪ್ಪ ಚಹಾ ಕೊಡುತ್ತಾ, "ಸಾರ್, ಅದು ಶರಣರದಲ್ರಿ, ಯೇಸಪ್ಪಂದ್ರಿ" ಎಂದ. "ಸುಮ್ನಿರಲೇ, ಯಾರ ಮುಂದೂ ಅನ್ನಬ್ಯಾಡ" ಎಂದೆ. ಅವನು ನಕ್ಕ.

ಅವನು ದೇವದೂತನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಬೇಸರ ಬರುವಷ್ಟು ಮಾತಾಡುತ್ತಿದ್ದ. ನಾವು ಕೇರಂನ ಕೆಂಪು ಕಾಯಿಗೆ ಗುರಿ ಇಟ್ಟಾಗ ಪಕ್ಕಕ್ಕೆ ಬಂದು ಕೂತು, ತಾನು ಕುಡಿತ ಬಿಟ್ಟ ಕಥೆ ತೆಗೆಯುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಆಡಲು ಬಂದವರಿಗೆ ಇದು ಬೇಡವಾಗಿತ್ತು, ನನಗೂ ಬೇಡವಾಗಿತ್ತು. ಅದಕ್ಕೇ ಅಕ್ಟೋಬರಿನಲ್ಲಿ ಠರಾವು ಮಾಡಿದೆವು: ಕೇಂದ್ರದೊಳಗೆ ಯಾರೂ ಯಾವ ಧರ್ಮದ ಪ್ರಚಾರವನ್ನೂ ಮಾಡಕೂಡದು. ನಾನೇ ಬರೆದೆ. ಗೋಂದು ಹಚ್ಚಿ ಅದನ್ನು ಗೋಡೆಗೆ ಅಂಟಿಸಿದವನು ಓಬಳಪ್ಪನೇ. "ಆತ್ರಿ ಸಾರ್, ಇನ್ಮ್ಯಾಲ ಕೇಳಿದ್ರ ಅಷ್ಟ ಹೇಳ್ತೀನಿ" ಎಂದ. ಅದಾದ ಮೇಲೆ ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಇದನ್ನು ಕೇರಂ ಕೋಣೆಯ ಯಾರನ್ನಾದರೂ ಕೇಳಿ.

ಡಿಸೆಂಬರ್ ಹದಿನಾಲ್ಕರ ಸಂಜೆ ಐದೂವರೆಗೆ ಕಿಟಕಿಯಿಂದ ಯಾರೋ ವಿಡಿಯೊ ತೆಗೆದರು. ಇಪ್ಪತ್ತೊಂದು ಸೆಕೆಂಡು. ಬಡಾವಣೆಯ ಎಲ್ಲರ ಫೋನಿನಲ್ಲೂ ಇದೆ. ಕಂದು ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡ ಒಬ್ಬ ಮನುಷ್ಯ ಕೇರಂ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದಾನೆ. ಬೆನ್ನು ಮಾತ್ರ ಕಾಣುತ್ತದೆ. ಓಬಳಪ್ಪ ಅವನ ತಲೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದಾನೆ.

ಮರುದಿನ ಸಂಜೆ ಹುಡುಗರು ಬಂದರು. ಹಂಪೇಶ್ ಅವರೇ, ನಿಮ್ಮನ್ನು ನೋಡಿ ಹೇಳುತ್ತಿಲ್ಲ, ಗೋಡೆ ನೋಡಿಕೊಂಡು ಹೇಳುತ್ತೇನೆ. ಎರಡು ಕಿಟಕಿ ಒಡೆದವು, ಕರಿಹಲಗೆ ಮುರಿಯಿತು. ಓಬಳಪ್ಪನ ಅಂಗಿಯ ಕಾಲರು ಹಿಡಿದು ಅಂಗಳಕ್ಕೆ ಎಳೆದರು. ಅವನ ಒಂದು ಚಪ್ಪಲಿ ನನ್ನ ಕಾಲ ಹತ್ತಿರ ಬಂದು ಬಿತ್ತು. ನಾನು ಅಲ್ಲೇ ನಿಂತಿದ್ದೆ. ಅವನು ನನ್ನನ್ನು ನೋಡಿದ. ನಾನು ಚಪ್ಪಲಿ ನೋಡಿದೆ.

ಆಗ ಯಾರೋ, "ತೋಟಪ್ಪ ಸಾರ್, ದೂರು ನೀವ ಬರೀರಿ. ನೀವು ಬರದದ್ದು ಇವತ್ತಿನ ತನಕ ಬಿದ್ದಿಲ್ಲ" ಎಂದರು. ಹೊಗಳಿದರೋ ಹೆದರಿಸಿದರೋ ನನಗೆ ತಿಳಿಯಲಿಲ್ಲ. ಕೂತು ಬರೆದೆ. 'ವಿಷಯ' ಎಂದು ಬರೆದು ಅಡಿಗೆರೆ ಎಳೆದೆ. 'ಹೆಸರು ತಿಳಿದುಬಾರದ ಅಮಾಯಕ ವ್ಯಕ್ತಿಯೊಬ್ಬರಿಗೆ ಆಮಿಷವೊಡ್ಡಿ, ಬಲವಂತದಿಂದ, ವಂಚನೆಯಿಂದ' ಎಂದು ಬರೆದೆ. ಆಮಿಷ ನಾನು ನೋಡಿದ್ದೆನೇ? ಬಲವಂತ ನೋಡಿದ್ದೆನೇ? ಕೈ ಬರೆಯಿತು. ಆ ಮೂರು ಪದಗಳ ಮೇಲೆಯೇ ಕೇಸು ನಿಂತಿದೆ ಎಂದು ಆಮೇಲೆ ಬಸವರಾಜ್ ವಕೀಲರೇ ನನಗೆ ಹೇಳಿದರು, ಬೆನ್ನು ತಟ್ಟಿ.

ಓಬಳಪ್ಪ ಒಳಗೆ ಹೋಗಿ ಐವತ್ತು ದಿನ ಮೀರಿದೆ. ಒಂದು ಸಲ ಜಾಮೀನು ತಿರಸ್ಕಾರವಾಯಿತು. ಇನ್ನೊಮ್ಮೆ ನಾಳೆ ಸೋಮವಾರ ಕೋರ್ಟಿನ ಮುಂದೆ ಬರುತ್ತದೆ. ಆ ಮಂಕಿ ಕ್ಯಾಪಿನ ವ್ಯಕ್ತಿ ಬಂದು 'ನಾನಾಗಿಯೇ ಹೋಗಿದ್ದೆ' ಎಂದು ಹೇಳಿಕೆ ಕೊಟ್ಟರೆ ಅವನು ಹೊರಗೆ ಬರಬಹುದು, ಇಲ್ಲದಿದ್ದರೆ ಕಷ್ಟ. ಇದೂ ವಕೀಲರ ಮಾತೇ.

ಆ ವ್ಯಕ್ತಿ ಯಾರು ಎಂದು ಠಾಣೆಯಲ್ಲಿ ಓಬಳಪ್ಪನನ್ನು ಬಹಳ ಕೇಳಿದರಂತೆ. ಹೇಗೆ ಕೇಳಿದರು ಎಂಬುದು ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಧೈರ್ಯವೂ ಇಲ್ಲ. ಅವನು, "ಭಯದಾಗ ಬಂದೋರು ಅದಾರ್ರಿ, ಹೆಸರು ಬ್ಯಾಡ್ರಿ" ಎಂದನಂತೆ. ಅಷ್ಟೇ ಹೇಳಿದನಂತೆ.

ಹೋದ ಗುರುವಾರ ಅವನ ಹೆಂಡತಿ ಹೊಳೆಮ್ಮ ನಮ್ಮ ಮನೆಗೆ ಬಂದಳು. ಅವಳಿಗೆ ಓದು ಬಾರದು, ದೂರು ಬರೆದವನು ನಾನೆಂದು ಗೊತ್ತಿಲ್ಲ. ಅರ್ಜಿ ಬರೆಸಲು ಬಂದಿದ್ದಳು! ಹೊಸಪೇಟೆಯಲ್ಲಿ ಇಷ್ಟು ಜನರಿರುವಾಗ ನನ್ನ ಹತ್ತಿರವೇ ಬಂದಳು. "ಸಾರ್, ನಮ್ಮನಿಯಾಂವ ತಪ್ಪು ಮಾಡಿಲ್ಲಂತ ಒಂದು ಕಾಗದ ಬರದು ಕೊಡ್ರಿ. ನೀವು ಬರದ್ರ ಬೀಳಂಗಿಲ್ಲಂತ ಎಲ್ರೂ ಅಂತಾರ್ರಿ" ಎಂದಳು. ನನಗೆ ಜ್ವರ ಎಂದೆ. ಅವಳು ಹೊಸ್ತಿಲಲ್ಲೇ ಕೂತು, "ಆ ಟೋಪಿಯೋರು ಯಾರಂತ ನಿಮಗೇನರ ಗೊತ್ತೇನ್ರಿ? ಗೊತ್ತಾದ್ರ ಅವರ ಕಾಲು ಹಿಡ್ಕೊಂತೀನ್ರಿ. ಅವರಿಗೇನೂ ಮಾಡಂಗಿಲ್ರಿ, ಒಂದು ಮಾತು ಹೇಳಂತೀನಿ ಅಷ್ಟ" ಎಂದಳು. ನಾನು ಗೊತ್ತಿಲ್ಲ ಎಂದೆ. ಮಜ್ಜಿಗೆ ಕೊಡು ಎಂದು ಒಳಗೆ ಕೂಗಿದೆ. ಅವಳು ಕುಡಿದು, ಲೋಟ ತೊಳೆದಿಟ್ಟು, ನಮಸ್ಕಾರ ಮಾಡಿ ಹೋದಳು.

ಅವಳು ಕೇಳಿದ ಟೋಪಿ ಆಗ ಎಲ್ಲಿತ್ತು ಗೊತ್ತೇ? ಎಲ್ಲೂ ಇರಲಿಲ್ಲ. ಡಿಸೆಂಬರ್ ಹದಿನೈದರಂದೇ ನಮ್ಮ ಮನೆಯಾಕೆ ನೀಲಗಂಗಮ್ಮ ಅದನ್ನು ಬಚ್ಚಲ ಹಂಡೆಯ ಒಲೆಗೆ ಹಾಕಿದ್ದಳು. ಸ್ವೆಟರನ್ನೂ ಹಾಕಿದಳು. ವಿಡಿಯೊ ನೋಡಿದ ಕೂಡಲೇ, "ಮೂವತ್ತಾರು ವರ್ಷ ಆತು, ನಿಮ್ಮ ಬೆನ್ನು ನನಗ ಗೊತ್ತಾಗಂಗಿಲ್ಲೇನು?" ಎಂದು ಅತ್ತಿದ್ದಳು.

ಹಿಂದಿನ ಸಾಲಿನ ಫೋನುಗಳು ಮತ್ತೆ ಮೇಲೆದ್ದವು. ಈಗ ಬೇಕಾದರೆ ತೆಗೆಯಿರಿ ವಿಡಿಯೊ.

ಹೌದು, ಅದು ನಾನೇ. ಹೆಸರು ತಿಳಿದುಬಾರದ ಅಮಾಯಕ ವ್ಯಕ್ತಿ ನಾನೇ. ಅಧ್ಯಕ್ಷರೇ, ಮೈಕು ಬಂದ್ ಮಾಡಿಸಬೇಡಿ, ಕೈ ಮುಗಿಯುತ್ತೇನೆ. ಇನ್ನು ಐದು ನಿಮಿಷ.

ಆ ದಿನ ನಮ್ಮ ಮಗಳು ಕಾವ್ಯ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು. ಬಸುರಿಗೆ ಏಳು ತಿಂಗಳಾಗಿತ್ತು. ಬಿಪಿ ಏರಿ ಫಿಟ್ಸ್ ಬಂದಿತ್ತು. ಅಳಿಯ ಫೋನಿನಲ್ಲಿ, "ಮಾವ, ಸಹಿ ಮಾಡಂತಾರ, ತಾಯಿನೋ ಕೂಸೋ ಹೇಳಾಕಾಗಂಗಿಲ್ಲ ಅಂತಾರ, ಏನು ಮಾಡ್ಲಿ?" ಎಂದು ಮಗುವಿನ ಹಾಗೆ ಅಳುತ್ತಿದ್ದ. ಬಾಡಿಗೆ ಕಾರು ಬರಲು ಅರ್ಧ ಗಂಟೆ ಇತ್ತು. ಮನೆಯಲ್ಲಿ ಕೂರಲಾರದೆ ಇಲ್ಲಿಗೆ ಬಂದೆ. ಓಬಳಪ್ಪ ಕಸ ಗುಡಿಸುತ್ತಿದ್ದ, ಬೇರೆ ಯಾರೂ ಇರಲಿಲ್ಲ. ನನ್ನ ಮುಖ ನೋಡಿ ಒಂದು ಕಪ್ ಚಹಾ ಕೊಟ್ಟ. ಆಮಿಷ ಅಂದರೆ ಇದಿಷ್ಟೇ, ವಕೀಲರೇ. ಸಕ್ಕರೆಯೂ ಕಮ್ಮಿ ಇತ್ತು.

ನಾನೇ ಬಾಯಿ ಬಿಟ್ಟು ಕೇಳಿದೆ. "ಓಬಳಪ್ಪ, ನಮ್ಮ ಹಂಪಿ ವಿರೂಪಾಕ್ಷಗ ಹೇಳೀನಿ, ಮನಿದೇವರಿಗೆ ಹೇಳೀನಿ. ನಿಮ್ಮಾತಗೂ ಒಂದು ಮಾತು ಹೇಳಪ್ಪ" ಎಂದೆ. ಅವನು ಗೋಡೆ ತೋರಿಸಿ, "ಸಾರ್, ಠರಾವು ಐತಲ್ರಿ" ಎಂದ. "ಠರಾವಿಗೆ ಬೆಂಕಿ ಹಚ್ಚು, ನನ್ನ ಮಗಳು ಸಾಯಾಕತ್ಯಾಳ" ಎಂದು ಕಿರುಚಿದೆ. ಆಗ ಅವನು ಪೊರಕೆ ಕೆಳಗಿಟ್ಟು ಕೈ ತೊಳೆದುಕೊಂಡು ಬಂದ. ನನ್ನ ಹೆಸರು ಹೇಳಲಿಲ್ಲ, ಕಾವ್ಯಳ ಹೆಸರು ಹೇಳಿ ಬೇಡಿಕೊಂಡ. ಯೇಸುವನ್ನು ನಂಬು ಎಂದು ನನಗೆ ಹೇಳಿದನೇ? ಹೇಳಿದ. ಸುಳ್ಳು ಹೇಳಲಾರೆ. "ನೀವೂ ಒಂದೀಟು ನಂಬ್ರಿ ಸಾರ್, ಹಗುರಾಗ್ತೈತಿ" ಎಂದ. ನಾನು ಹ್ಞೂಂ ಎಂದೆ. ಆ ಇಪ್ಪತ್ತೊಂದು ಸೆಕೆಂಡು ನನ್ನ ಎದೆ ಹೊಡೆದುಕೊಳ್ಳುವುದು ನಿಂತಿತ್ತು, ಇದೂ ಸುಳ್ಳಲ್ಲ.

ಆ ರಾತ್ರಿ ಬಳ್ಳಾರಿಗೆ ಹೋದೆವು, ಮರುದಿನ ಮಧ್ಯಾಹ್ನ ಬಟ್ಟೆಬರೆಗೆಂದು ಮನೆಗೆ ಬಂದೆವು. ಕಾವ್ಯ ಉಳಿದಳು. ಕೂಸು ಒಂದೂಕಾಲು ಕೆಜಿ ಇತ್ತು, ಅದೂ ಉಳಿಯಿತು. ಡಾಕ್ಟರು ಉಳಿಸಿದರು. ಯಾವ ದೇವರು ಕೇಳಿದ ಎಂಬುದನ್ನು ನಿರ್ಣಯಿಸಲು ನಾನು ಯಾರು? ನನ್ನ ಎದೆಯ ಮೇಲೆ ಲಿಂಗ ಇದೆ, ಬೆಳಗಿನ ಪೂಜೆ ತಪ್ಪಿಸಿಲ್ಲ, ನಾಳೆಯೂ ತಪ್ಪಿಸುವುದಿಲ್ಲ. ನಾನು ಮತಾಂತರವಾಗಿಲ್ಲ, ಸಭಿಕರೇ. ನಾನು ದ್ರೋಹಿ ಆಗಿದ್ದೇನೆ ಅಷ್ಟೇ.

ನನ್ನ ತಲೆಯ ಮೇಲೆ ಇಟ್ಟ ಕೈಗೆ ನಾನೇ ಬೇಡಿ ಹಾಕಿಸಿದೆ. ಯಾಕೆ? ಹೆದರಿಕೆ. ನೀವು ಹೊಸ್ತಿಲು ತುಳಿಯುವುದಿಲ್ಲವೇನೋ, ಕಾವ್ಯಳ ಅತ್ತೆ ಮನೆಯವರು ಏನನ್ನುತ್ತಾರೋ, ನಮ್ಮ ಕಿಟಕಿಗಳೂ ಒಡೆಯುತ್ತವೇನೋ ಎಂಬ ಹೆದರಿಕೆ. ಇವತ್ತೂ ಇದೆ. ಈ ಶಾಲು ನಿಮಗೆ ವಾಪಸ್ಸು ಕೊಡಬೇಕು ಎಂದುಕೊಂಡೇ ಬಂದೆ. ಆದರೆ ನಡುಗುವುದು ಕಾಣಬಾರದೆಂದು ಇನ್ನೂ ಹೊದ್ದುಕೊಂಡಿದ್ದೇನೆ.

ಜೇಬಿನಲ್ಲಿ ನನ್ನ ಹೇಳಿಕೆ ಇದೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಅತಿ ಬಡವಾದ ಕಾಗದ ಇದು. ನಾನಾಗಿಯೇ ಹೋದೆ, ನಾನೇ ಕೇಳಿದೆ, ದೂರಿನಲ್ಲಿ ಬರೆದದ್ದು ಸುಳ್ಳು. ಕೆಳಗೆ ಸಹಿ. ಅಷ್ಟೇ.

ಇದನ್ನು ಈಗಲೇ ಠಾಣೆಗೆ ಕೊಡಬೇಕು. ಮನೆಗೆ ಹೋದರೆ ನಾಳೆ ಬೆಳಿಗ್ಗೆ ನನಗೆ ಮತ್ತೆ ಜ್ವರ ಬರುತ್ತದೆ, ನನ್ನನ್ನು ನಾನು ಬಲ್ಲೆ. ಠಾಣೆ ಇಲ್ಲಿಂದ ಹತ್ತು ನಿಮಿಷದ ನಡಿಗೆ. ಆದರೆ ಒಬ್ಬನೇ ಹೋಗಲು ನನಗೆ ಭಯ. ನಾಚಿಕೆ ಬಿಟ್ಟು ಕೇಳುತ್ತೇನೆ, ಯಾರಾದರೂ ಒಬ್ಬರು ನನ್ನ ಜೊತೆ ಬರುತ್ತೀರಾ? ಮಾತಾಡುವುದು ಬೇಡ, ಸಾಕ್ಷಿಯೂ ಬೇಡ, ಸುಮ್ಮನೆ ಪಕ್ಕದಲ್ಲಿ ನಡೆದರೆ ಸಾಕು.

ಅಧ್ಯಕ್ಷರೇ? ಕೇರಂ ಕೋಣೆಯವರೇ? ಇಪ್ಪತ್ತು ವರ್ಷ ಎದುರುಬದುರು ಕೂತು ಆಡಿದ್ದೇವಲ್ಲ.

ಯಾರೂ ಇಲ್ಲವೇ? ಆಗಲಿ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನೆಲ ನೋಡುತ್ತಿದ್ದೆ.

ಏ, ನೀನ್ಯಾಕ ಎದ್ದಿ? ಕುಂದ್ರು, ನೀಲಗಂಗಾ. ನಿನ್ನನ್ನು ಕೇಳಲಿಲ್ಲ ನಾನು, ನಿನಗ ಮಂಡಿ ನೋವು. ಕುಂದ್ರು ಅಂದ್ನೆಲ್ಲ.

ಬಾ ಹಂಗಾರ.

ಸನ್ಮಾನಿಸಿದ ನಿಮಗೂ, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ತಾಳ್ಮೆಗೂ ನಾನು ಋಣಿ. ನಾವಿಬ್ಬರೂ ಹೋಗಿ ಬರುತ್ತೇವೆ. ದಾರಿ ಬಿಡಿ. ನಮಸ್ಕಾರ.